ಜೇವಾನ ಮಿಲಿಟರಿಗೆ ಹೋಗಿ ಬಂದದ್ದು

ಉಲ್ಸಾನಿನಲ್ಲಿ ಹಡಗು ಕಟ್ಟುವವರಿದ್ದಾರೆ, ಕಾರು ಕಟ್ಟುವವರಿದ್ದಾರೆ. ಆದರೆ ತಾಕ್ ಜೇವಾನ ಕಟ್ಟಿದಷ್ಟು ದೊಡ್ಡದನ್ನು ಈ ಊರಿನಲ್ಲಿ ಯಾರೂ ಕಟ್ಟಿಲ್ಲ. ಅವನು ಬರೀ ಬಾಯಿಯಿಂದ ಒಂದು ಇಡೀ ಪಲ್ಟನ್ ಕಟ್ಟಿದ್ದ. ಆ ಪಲ್ಟನ್ನಿಗೆ ಉತ್ತರದ ಗಡಿಯಲ್ಲಿ ಒಂದು ಬೆಟ್ಟವಿತ್ತು, ಬೆಟ್ಟದ ತುಂಬ ಹಿಮವಿತ್ತು. ಹಿಮ ಅಂದರೆ ಎಂಥದ್ದು, ಬೆಳಿಗ್ಗೆ ಸಲಿಕೆಯಲ್ಲಿ ಎತ್ತಿ ಬಿಸಾಕಿದ್ದು ಕೆಳಗಿನ ಕಣಿವೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯುತ್ತಿತ್ತು. ಅಲ್ಲಿನ ಚಳಿಗೆ ಮಾತು ಬಾಯಿಂದ ಹೊರಬಂದ ಕೂಡಲೇ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತಿತ್ತು; ವಸಂತದಲ್ಲಿ ಅವೆಲ್ಲ ಕರಗಿ ಒಟ್ಟಿಗೇ ಕೇಳಿಸುತ್ತಿದ್ದವು. ಆ ಪಲ್ಟನ್ನಿಗೆ ಇದ್ದ ಕೊರತೆ ಒಂದೇ. ಜೇವಾನ ಮಿಲಿಟರಿಗೆ ಹೋಗಿರಲೇ ಇಲ್ಲ.

ಇಲ್ಲಿ ಗಂಡಾಗಿ ಹುಟ್ಟಿದವನು ಮಿಲಿಟರಿಗೆ ಹೋಗಲೇಬೇಕು. ಹೋಗದವನು ಒಂದೋ ದೊಡ್ಡವರ ಮಗ, ಇಲ್ಲವೇ ಮೈಯಲ್ಲಿ ಐಬು ಇರುವವನು. ಜೇವಾನನ ಅಪ್ಪ ಮೀನಿನ ಬಲೆ ಹೊಲಿಯುತ್ತಿದ್ದವನಾದ್ದರಿಂದ ಉಳಿದದ್ದು ಎರಡನೆಯದೇ. ಎಂಟನೇ ವಯಸ್ಸಿನಲ್ಲಿ ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಹೋಯಿತು. ಏನೋ ಮರೆತು ಹೋದವರ ಹಾಗೆ ಹತ್ತನೇ ವಯಸ್ಸಿನಲ್ಲಿ ತಿರುಗಿ ಬಂತು, ಮತ್ತೆ ಹೋಯಿತು. ಆಮೇಲೆ ಬರಲಿಲ್ಲ. ಹೋಗುವಾಗ ಮಾತ್ರ ಅವನ ಬೆರಳ ತುದಿಗಳ ಸ್ಪರ್ಶವನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ಕೊತಕೊತ ಕುದಿಯುವ ಸಾರಿನ ಕಲ್ಲುಬೋಗುಣಿಯನ್ನು ಅವನು ಬರಿಗೈಯಲ್ಲಿ ಎತ್ತಿ ಪಕ್ಕದ ಮೇಜಿಗೆ ಕೊಟ್ಟುಬಿಡುತ್ತಿದ್ದ. ಹೋಟೆಲಿನ ಹೆಂಗಸರು ಕಿರುಚುತ್ತಿದ್ದರು, ಅವನು ಅವರ ಮುಖ ನೋಡಿದ ಮೇಲೆ ಬೋಗುಣಿ ಬಿಸಿಯಿದೆ ಎಂದು ತಿಳಿದುಕೊಳ್ಳುತ್ತಿದ್ದ.

ಒಳಗೂ ಹಾಗೇ. ಅಪ್ಪ ಸತ್ತಾಗ ಮೂರು ದಿನ ಅಂತಿಮ ದರ್ಶನದ ಕೋಣೆಯಲ್ಲಿ ನಿಂತು ಬಂದವರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ಸೊಂಟ ಹಿಡಿಯಿತೇ ಹೊರತು ಬೇರೇನೂ ಆಗಲಿಲ್ಲ. ಬಾಯ್ಲರ್ ಕಂಪನಿಯಲ್ಲಿ ಬಡ್ತಿ ಬಂದಾಗಲೂ ಅಷ್ಟೇ. ಹೇರಿಮ್ ಎಂಬ ಹುಡುಗಿ ಪಕ್ಕದಲ್ಲಿ ಕೂತಾಗ ಮಾತ್ರ ಆ ಮರಗಟ್ಟಿದ್ದರ ತಳದಲ್ಲಿ ಏನೋ ಒಂದು ಚೂರು ಕದಲುತ್ತಿತ್ತು. ಅದು ಪ್ರೀತಿಯೋ ಅಜೀರ್ಣವೋ ಎಂದು ಅವನು ಆರು ತಿಂಗಳು ಪರೀಕ್ಷಿಸಿದ. ಊಟ ಬಿಟ್ಟಾಗಲೂ ಕದಲಿತು. ಅದನ್ನು ಕಳೆದುಕೊಂಡರೆ ಇನ್ನು ಕದಲುವಂಥದ್ದು ತನ್ನ ಬಳಿ ಏನೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

ತೊಂದರೆ ಏನೆಂದರೆ ಹೇರಿಮಳ ಅಪ್ಪ ನಿವೃತ್ತ ಸುಬೇದಾರ್ ಮೇಜರ್. ಅವರ ದನಿ ಎಂಥದ್ದೆಂದರೆ, ಅವರು ಮನೆಯಲ್ಲಿ ಕೆಮ್ಮಿದರೆ ಬಂದರಿನಲ್ಲಿ ಹಡಗುಗಳು ಲಂಗರು ಎತ್ತುತ್ತಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಸಾಕಿದವರು. ಮೊದಲ ಭೇಟಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಎಲ್ಲಿ ಸರ್ವಿಸ್ ಮಾಡಿದೆ ಮರಿ?"

ಹೇರಿಮ್‌ಗೆ ಕಾಯಿಲೆಯ ವಿಷಯ ಗೊತ್ತಿತ್ತು. ಅಪ್ಪನಿಗೂ ಹೇಳಿಬಿಡು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು. ಆದರೆ ಹಿಂದೆ ಒಮ್ಮೆ ಬೇರೊಂದು ಮನೆಯಲ್ಲಿ ನಿಜ ಹೇಳಿದಾಗ ಹುಡುಗಿಯ ತಾಯಿ ತಟ್ಟೆಯಲ್ಲಿದ್ದ ಪೇರುಹಣ್ಣಿನ ಹೋಳುಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ಮಕ್ಕಳಿಗೂ ಬರತ್ತಾ ಅದು?" ಎಂದಿದ್ದಳು. ಆ ಹೋಳುಗಳು ಕಣ್ಣಿಗೆ ಕಟ್ಟಿದವು. ಜೇವಾನನ ಬಾಯಿ ತಾನಾಗಿಯೇ ತೆರೆಯಿತು: "ಚೊರ್ವಾನಿನಲ್ಲಿ, ಮಾವ. ಉತ್ತರದ ಗಡಿ." ಅಲ್ಲಿಂದ ಶುರುವಾಯಿತು ಆ ಪಲ್ಟನ್.

ಹೊರಗೆ ಬಂದ ಮೇಲೆ ಹೇರಿಮ್ ಹೇಳಿದ್ದು ಇಷ್ಟೇ. "ನೀನೇ ಶುರು ಮಾಡಿದ್ದು, ನೀನೇ ಮುಗಿಸು. ನಾನು ಹೇಳಲ್ಲ. ಆದ್ರೆ ಈ ಸುಳ್ಳಿನ ಮೇಲೆ ನಾನು ಮದುವೆ ಆಗಲ್ಲ, ತಿಳ್ಕೊ."

ಸುಳ್ಳಿಗೆ ಸರಕು ಬೇಕಲ್ಲ. ಜೇವಾನ ನೇರವಾಗಿ ಹೋದದ್ದು ತನ್ನ ಗೆಳೆಯರ ಬಳಿಗೆ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದು ಬದುಕುಳಿದು ದೊಡ್ಡವರಾದವರು ನಾಲ್ಕೈದು ಮಂದಿ ಯುನ್‌ಸಿಲ್ ಅಕ್ಕನ ಬಟ್ಟೆ ಆಲ್ಟರೇಷನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದರು. ಅಕ್ಕನೂ ಅವರಲ್ಲೊಬ್ಬಳು; ಅವಳ ಎಡಗಾಲು ಮೊಣಕಾಲಿನ ಮೇಲಿಂದ ಇರಲಿಲ್ಲ. ಹೊಲಿಗೆ ಯಂತ್ರವನ್ನು ಬಲಗಾಲೊಂದರಲ್ಲೇ ಓಡಿಸಿ, ಎರಡು ಕಾಲಿನವರು ಒಂದು ಪ್ಯಾಂಟು ಮೊಟಕು ಮಾಡುವಷ್ಟರಲ್ಲಿ ಇಡೀ ಬೀದಿಯ ಪ್ಯಾಂಟುಗಳನ್ನು ಮೊಟಕು ಮಾಡಿಡುತ್ತಿದ್ದಳು. ಅಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳುತ್ತಿರಲಿಲ್ಲ. ಮೀನಿನ ಬಿಲ್ಲೆ ಬೇಯಿಸಿಕೊಂಡು ತಿಂದು, ಯಾರ ಹೃದಯದ ಸ್ಕ್ಯಾನ್ ಯಾವಾಗ ಎಂದು ಕೇಳಿ, ಟಿವಿ ನೋಡಿ ಎದ್ದು ಹೋಗುತ್ತಿದ್ದರು.

ಆ ಕೋಣೆಗೆ ಒಂದೇ ಒಂದು ಪದ್ಧತಿ ಇತ್ತು, ಅದು ಲೋಕಕ್ಕೆ ತಲೆಕೆಳಗು. ಹೊರಗೆ ಒಂದು ವರ್ಷ ಮುಂಚೆ ಹುಟ್ಟಿದವನು ಅಣ್ಣ, ಅದನ್ನು ಮೀರಿದರೆ ಆಕಾಶ ಬೀಳುತ್ತದೆ. ಇಲ್ಲಿ ಹಾಗಲ್ಲ. ಯಾರು ಮೊದಲು ವಾರ್ಡಿಗೆ ಸೇರಿದರೋ ಅವರು ದೊಡ್ಡವರು. ದೋಗಿಲ ಜೇವಾನನಿಗಿಂತ ಒಂದು ವರ್ಷ ಚಿಕ್ಕವನು, ಆದರೆ ಮಿದುಳಿನಲ್ಲಿ ಗಡ್ಡೆಯಾಗಿ ಅವನಿಗಿಂತ ಮೊದಲು ವಾರ್ಡಿಗೆ ಬಂದವನು. ಹಾಗಾಗಿ ಮೂವತ್ತು ದಾಟಿದ ಮೇಲೂ ಜೇವಾನನಿಗೆ ಅವನು ಅಣ್ಣ. ಅಣ್ಣ ಎಂದರೆ ಎತ್ತರ ಮಾತ್ರ ಕೇಳಬೇಡಿ. ತಲೆಗೂ ಬೆನ್ನಿಗೂ ಕೊಟ್ಟ ವಿಕಿರಣದಿಂದ ಬೆಳವಣಿಗೆ ನಿಂತು, ಬಸ್ಸಿನಲ್ಲಿ ಕಂಡಕ್ಟರ್ ಇದ್ದ ಕಾಲದಲ್ಲಾಗಿದ್ದರೆ ಅವನಿಗೆ ಸಾಯುವವರೆಗೂ ಅರ್ಧ ಟಿಕೇಟೇ. ಔಷಧಿಗೆ ಕಿವಿಯೂ ಹೋಗಿ ಎರಡೂ ಕಡೆ ಯಂತ್ರ ಸಿಕ್ಕಿಸಿಕೊಂಡಿದ್ದ.

"ಮಿಲಿಟರಿಯಲ್ಲಿ ಏನ್ ಮಾಡ್ತಾರೆ ಅಣ್ಣ?" ಜೇವಾನ ಕೇಳಿದ.

ದೋಗಿಲ ಗಡ್ಡ ಕೆರೆದ. ಗಡ್ಡ ಬರದಿದ್ದರೂ ಕೆರೆಯುವುದನ್ನು ಬಿಟ್ಟಿರಲಿಲ್ಲ. "ನಾನು ಹೋಗಿಲ್ಲ. ನೀನು ಹೋಗಿಲ್ಲ. ಅಕ್ಕ?"

"ನನ್ನ ತಮ್ಮ ಹೋಗಿದ್ದ," ಯುನ್‌ಸಿಲ್ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು. "ಹಿಮ ಎತ್ತಿದೆ ಅಂದ. ಮತ್ತೇನೂ ಹೇಳಲಿಲ್ಲ, ಬಂದವನೇ ಮಲಗಿಬಿಟ್ಟ."

"ಹಿಮ. ಸರಿ. ಮತ್ತೆ?"

"ತಲೆ ಬೋಳಿಸ್ತಾರೆ."

"ವಾರ್ಡಿನಲ್ಲಿ ನಮ್ಮದೂ ಬೋಳೇ."

"ಎಲ್ಲರಿಗೂ ಒಂದೇ ಥರ ಬಟ್ಟೆ. ಬೆಳಿಗ್ಗೆ ಆರಕ್ಕೆ ಎಬ್ಬಿಸ್ತಾರೆ. ಹೊರಗಿನ ತಿಂಡಿ ಬಿಡಲ್ಲ. ಮೊದಲು ಬಂದವನು ಸೀನಿಯರ್. ಮನೆಗೆ ಹೋಗೋಕೆ ದೊಡ್ಡವರ ಪರ್ಮಿಷನ್ ಬೇಕು."

ದೋಗಿಲ ಜೇವಾನನ ಮುಖ ನೋಡಿದ. "ಲೋ, ನಾವೂ ಸರ್ವಿಸ್ ಮಾಡಿದ್ದೀವಿ ಕಣೋ. ಬಟ್ಟೆ ಬಣ್ಣ ಬದಲಾಯಿಸ್ಕೊ, ಸಾಕು."

ಹಾಗೆ ಆ ಪಲ್ಟನ್ ತುಂಬಿತು. ರಕ್ತ ತೆಗೆಯಲು ಬರುತ್ತಿದ್ದ ನರ್ಸು ಹವಾಲ್ದಾರಳಾದಳು. ಮುಖ್ಯ ವೈದ್ಯರು ಕರ್ನಲ್ ಆದರು. ಬೆನ್ನುಹುರಿಗೆ ಸೂಜಿ ಚುಚ್ಚುವ ದಿನ ಗುಂಡು ಹಾರಿಸುವ ಅಭ್ಯಾಸದ ದಿನವಾಯಿತು. ಹೆಸರು ಹುಟ್ಟಿಸುವ ಶಕ್ತಿ ಮಾತ್ರ ಜೇವಾನನಿಗಿರಲಿಲ್ಲ, ಆದ್ದರಿಂದ ಸೀನಿಯರ್ ಎಂದರೆ ದೋಗಿಲನೇ. ದೋಗಿಲ ಅಣ್ಣ ಹೊಸಬರಿಗೆ ಹೇಗೆ ಧೈರ್ಯ ಹೇಳುತ್ತಿದ್ದ, ವಾಂತಿ ಮಾಡಿಕೊಂಡವನ ಬಟ್ಟೆಯನ್ನು ಹೇಗೆ ತಾನೇ ತೊಳೆಯುತ್ತಿದ್ದ ಎಂದೆಲ್ಲ ಕೇಳಿ ಸುಬೇದಾರರು ತೊಡೆ ತಟ್ಟಿಕೊಂಡರು. "ಅಂಥ ಸೀನಿಯರ್ ನನ್ನ ಸರ್ವಿಸ್‌ನಲ್ಲೇ ಸಿಗಲಿಲ್ಲ ನೋಡು," ಎಂದರು. ಒಂದು ವರ್ಷ ಹೀಗೇ ಹೋಯಿತು. ಎರಡೂ ಮನೆಯವರು ಕೂತು ಮಾತಾಡುವ ಊಟವನ್ನು ಜೇವಾನ ಮುಂದೂಡುತ್ತಲೇ ಬಂದ. ಅವನ ಅಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗಿ ಅರ್ಧ ಮೈಲಿಯಿಂದ ಕಾಣಿಸುತ್ತಿತ್ತು.

ಕೊನೆಗೆ ಒಂದು ದಿನ ಸುಬೇದಾರರು ಹೇಳಿದರು: "ಆ ದೋಗಿಲನ್ನ ಕರ್ಕೊಂಡು ಬಾ. ಭಾನುವಾರ ಮಧ್ಯಾಹ್ನ ಹಂದಿ ಮಾಂಸ ಸುಡೋಣ. ಅವನ ಬಾಯಲ್ಲಿ ನಿನ್ನ ವಿಷಯ ಕೇಳ್ತೀನಿ, ಆಮೇಲೆ ಮದುವೆ ದಿನ ನೋಡೋಣ."

"ಬರಲ್ಲ ಅಂದುಬಿಡು," ಯುನ್‌ಸಿಲ್ ಅಕ್ಕ ಹೇಳಿದಳು.

"ಬರ್ತೀನಿ," ದೋಗಿಲ ಹೇಳಿದ. "ಜೀವಮಾನದಲ್ಲಿ ಒಂದ್ಸಲ ನನ್ನನ್ನ ಮಿಲಿಟರಿಗೆ ಕರೀತಿದ್ದಾರೆ."

ಭಾನುವಾರ ಸುಬೇದಾರರು, ಹೇರಿಮ್, ಜೇವಾನ ಮೂವರೂ ಮಾಂಸ ಸುಡುವ ಹೋಟೆಲಿನಲ್ಲಿ ಮೇಜಿನ ಒಲೆಯ ಸುತ್ತ ಕೂತಿದ್ದಾಗ ದೋಗಿಲ ಬಂದ. ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಂದಿದ್ದ, ಆದರೆ ಆ ಹೋಟೆಲಿನಲ್ಲಿ ಬಾಗಿಲಲ್ಲೇ ಬೂಟು ಬಿಡಬೇಕು. ಬಿಟ್ಟ. ಬೂಟು ಬಾಗಿಲ ಬಳಿ ಅವನಿಗಿಂತ ಎತ್ತರವಾಗಿ ಕಂಡಿತು. ಸುಬೇದಾರರು ಅವನನ್ನು ಮೇಲಿಂದ ಕೆಳಗೆ ನೋಡಿದರು. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನೀನು ದೋಗಿಲ."

"ಹೌದು ಸಾರ್."

"ಯಾವ ವಿಭಾಗ?"

"ಟ್ಯಾಂಕು ಸಾರ್. ಉದ್ದ ಇರೋರು ಅದರೊಳಗೆ ಹಿಡಿಸಲ್ಲ."

ಸುಬೇದಾರರು ಕತ್ತರಿಯಿಂದ ಮಾಂಸ ಕತ್ತರಿಸುತ್ತ, "ಅದೂ ನಿಜ," ಎಂದರು. "ಯಾವ ಟ್ಯಾಂಕು?"

"ಹಸಿರು ಸಾರ್."

ಹೇರಿಮ್ ಸೊಪ್ಪಿನ ಎಲೆಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಸುಬೇದಾರರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಕಿವಿ?"

"ಟ್ಯಾಂಕಿನ ಶಬ್ದ ಸಾರ್. ಒಂದ್ಸಲ ಹಾರಿಸಿದ್ರೆ ಮೂರು ಜಿಲ್ಲೆಯ ಕೋಳಿ ಮೊಟ್ಟೆ ಇಡೋದು ನಿಲ್ಲಿಸ್ತಿದ್ವು."

ಸುಬೇದಾರರು ಎರಡೂ ಕೈಯಿಂದ ಸೋಜು ಸಾರಾಯಿ ಬಗ್ಗಿಸಿದರು. ದೋಗಿಲ ಬಟ್ಟಲು ಹಿಡಿದ, ಆದರೆ ತುಟಿಗೆ ತಾಗಿಸಿ ಹಾಗೇ ಇಟ್ಟ. ಅವನು ಕುಡಿಯುವವನಲ್ಲ. ಜೇವಾನ ಮಧ್ಯೆ ಬಾಯಿ ಹಾಕಿ ಹಿಮದ ಕಥೆ ತೆಗೆದ. ದೋಗಿಲ ಅದಕ್ಕೆ ಇನ್ನೊಂದಷ್ಟು ಹಿಮ ಸುರಿದ. ಇಬ್ಬರೂ ಸೇರಿ ಬೆಟ್ಟವನ್ನೇ ಮುಚ್ಚಿಬಿಟ್ಟರು. ಮಜವಾಗಿತ್ತು. ಜೇವಾನ ತನ್ನೊಳಗೆ ಒಮ್ಮೆ ಇಣುಕಿ ನೋಡಿದ, ಹೆದರಿಕೆ ಏನಾದರೂ ಇದೆಯೇ ಎಂದು. ಇರಲಿಲ್ಲ.

ಹಿಮ ಮುಗಿಯಿತು. ಸುಬೇದಾರರು ತಮ್ಮ ಬಟ್ಟಲನ್ನು ಬೆರಳಲ್ಲಿ ತಿರುಗಿಸುತ್ತ, ಇಷ್ಟು ಹೊತ್ತು ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು.

"ಯಾರಾದ್ರೂ ಹೋದ್ರಾ? ನಿಮ್ಮ ಕಡೆ?"

ಇದಕ್ಕೆ ಯಾರೂ ಉತ್ತರ ತಯಾರಿಸಿ ಇಟ್ಟಿರಲಿಲ್ಲ. ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅದೊಂದು ಪ್ರಶ್ನೆಗೆ ಸುಳ್ಳು ಹೇಳುವುದು ದೋಗಿಲನಿಗೆ ಗೊತ್ತಿರಲಿಲ್ಲ.

"ಒಬ್ಬ ಹೋದ ಸಾರ್. ತುಂಬಾ ಜನ ಹೋದ್ರು, ಆದ್ರೆ ಅವನು ನನ್ನ ಪಕ್ಕದ ಮಂಚ. ಇನ್‌ಹೋ ಅಂತ."

"ಹೇಗೆ?"

"ಸೋಂಕಾಯ್ತು. ಜ್ವರ ಬಂತು, ಇಳೀಲಿಲ್ಲ. ಅವನಿಗೆ ಕಿತ್ತಳೆಹಣ್ಣು ಬೇಕು ಅನ್ನಿಸಿತ್ತು ಸಾರ್, ನಮಗೆ ಹಸಿ ಹಣ್ಣು ಕೊಡ್ತಿರಲಿಲ್ಲ. ನಾನು ಒಂದು ತಂದೆ, ಕದ್ದು. ತಿನ್ನಬೇಡ, ಮೂಸು ಸಾಕು ಅಂದೆ. ಸಿಪ್ಪೆ ಸುಲಿದು ಇಬ್ಬರೂ ಮೂಸಿದ್ವಿ. ಇವನೂ ಇದ್ದ, ಇವನೂ ಮೂಸಿದ." ದೋಗಿಲ ಜೇವಾನನ ಕಡೆ ಗದ್ದ ತೋರಿಸಿದ. "ಬೆಳಿಗ್ಗೆ ಎದ್ದು ನೋಡ್ತೀನಿ, ಮಂಚಕ್ಕೆ ಹೊಸ ಬಟ್ಟೆ ಹಾಸಿಬಿಟ್ಟಿದ್ರು. ಅವರಮ್ಮ ಮಾತ್ರ ಪಕ್ಕದ ಮಡಚೋ ಮಂಚದ ಮೇಲೆ ಕೂತೇ ಇದ್ರು. ಎಷ್ಟು ಹೇಳಿದ್ರೂ ಏಳಲಿಲ್ಲ. ಅದನ್ನ ಮಡಚೋಕೇ ಬಿಡಲಿಲ್ಲ ಸಾರ್."

ಒಲೆಯ ಮೇಲೆ ಕೊಬ್ಬು ಚಟಪಟ ಎಂದಿತು. ಸುಬೇದಾರರ ಊಟದ ಕಡ್ಡಿಗಳು ಅರ್ಧದಲ್ಲೇ ನಿಂತವು.

"ಬ್ಯಾರಕ್‌ನಲ್ಲಿ ಅವರಮ್ಮ ಇದ್ರಾ?"

ದೋಗಿಲನಿಗೆ ಪ್ರಶ್ನೆ ವಿಚಿತ್ರವೆನಿಸಿತು. ಹುಡುಗನೊಬ್ಬ ಮಲಗುವ ಮಂಚ ಎಂದರೆ ಅದರ ಕೆಳಗಿನಿಂದ ಎಳೆದು ಬಿಚ್ಚಿ ಹಾಸುವ ಮಡಚೋ ಮಂಚ ಒಂದು, ಅದರಲ್ಲಿ ಒಬ್ಬ ಅಮ್ಮ; ಇದಿಲ್ಲದ ಮಂಚವನ್ನು ಅವನು ಕಲ್ಪಿಸಿಕೊಂಡೇ ಇರಲಿಲ್ಲ. ಪಲ್ಟನ್ನಿನಲ್ಲಿ ಬಟ್ಟೆಯ ಬಣ್ಣ, ಕರ್ನಲ್, ಹವಾಲ್ದಾರ, ಎಲ್ಲವನ್ನೂ ಬದಲಾಯಿಸಿದ್ದರು. ಅಮ್ಮಂದಿರನ್ನು ಹೊರಗೆ ಕಳಿಸುವುದು ಯಾರಿಗೂ ಹೊಳೆದಿರಲಿಲ್ಲ.

"ಎಲ್ಲರ ಅಮ್ಮಂದಿರೂ ಇದ್ರಲ್ಲ ಸಾರ್," ಎಂದ.

ಆಮೇಲೆ ಅವನಿಗೆ ತಿಳಿಯಿತು. ಕೈ ಕಿವಿಯ ಯಂತ್ರದ ಕಡೆ ಹೋಯಿತು, ಅದನ್ನು ಕಿತ್ತು ಎಸೆದರೆ ಹೇಳಿದ್ದೂ ಅಳಿಸಿಹೋಗುತ್ತದೆ ಎನ್ನುವ ಹಾಗೆ. ಹೇರಿಮ್ ಚಮಚ ಕೆಳಗಿಟ್ಟಳು.

ಸುಬೇದಾರರು ಜೇವಾನನ ಕಡೆ ತಿರುಗಿದರು. ಅವರಿಗೆ ಮೊದಲಿನಿಂದಲೂ ಎಷ್ಟು ಗೊತ್ತಿತ್ತು, ಈಗ ಎಷ್ಟು ಗೊತ್ತಾಯಿತು, ಆ ಮುಖದಲ್ಲಿ ಓದಲಾಗಲಿಲ್ಲ. "ಇವನಿಗೆ ಸೋಜು ತಲೆಗೇರಿತೇನೋ, ಮರಿ?"

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇಟ್ಟಿದ್ದರು ಸುಬೇದಾರರು. ಹೌದು ಮಾವ, ಕುಡಿದರೆ ಇವನು ಹೀಗೇ, ಎಂದರೆ ಸಾಕು. ಎಲ್ಲರೂ ನಗುತ್ತಾರೆ, ಮಾಂಸ ತಿನ್ನುತ್ತಾರೆ, ಮದುವೆಗೆ ದಿನ ನೋಡುತ್ತಾರೆ. ದೋಗಿಲ ತಲೆ ತಗ್ಗಿಸಿ ಕೂತಿದ್ದ. ಕುಡುಕನಾಗಲು ಅವನು ಸಿದ್ಧನಿದ್ದ, ಅದು ಕಾಣುತ್ತಿತ್ತು. ಜೇವಾನ ಹೌದು ಎಂಬ ಆ ಎರಡು ಅಕ್ಷರವನ್ನು ನಾಲಿಗೆಯ ಮೇಲೆ ಇಟ್ಟುಕೊಂಡ. ಜಗತ್ತಿನ ಅತಿ ದೊಡ್ಡ ಸುಳ್ಳನ್ನು ವರ್ಷವಿಡೀ ಹೊತ್ತವನಿಗೆ ಆ ಎರಡು ಅಕ್ಷರ ಭಾರವಾಗಬಾರದಿತ್ತು. ಆದರೆ ಹಾಗೆಂದರೆ ಇನ್‌ಹೋನ ಅಮ್ಮ ಕುಡುಕನೊಬ್ಬನ ಬಡಬಡಿಕೆಯಾಗುತ್ತಾಳೆ. ಅವಳ ಮಂಚವನ್ನು ತಾನೇ ಮಡಚಿದ ಹಾಗಾಗುತ್ತದೆ.

"ಅವನು ಕುಡಿದಿಲ್ಲ ಮಾವ," ಜೇವಾನ ಹೇಳಿದ. "ಬಟ್ಟಲು ಹಾಗೇ ಇದೆ ನೋಡಿ. ಅವರಮ್ಮ ಅಲ್ಲೇ ಮಲಗ್ತಿದ್ರು. ನಮ್ಮಮ್ಮನೂ. ಅದು ಮಿಲಿಟರಿ ಅಲ್ಲ, ಆಸ್ಪತ್ರೆ. ಮಕ್ಕಳ ಕ್ಯಾನ್ಸರ್ ವಾರ್ಡು. ಇನ್‌ಹೋಗೆ ಹತ್ತು ವರ್ಷ. ನನಗೂ ಅಷ್ಟೇ. ನಾನು ಮಿಲಿಟರಿಗೆ ಹೋಗಿಲ್ಲ. ಕರೆದ್ರು, ಬೇಡ ಅಂದ್ರು."

ಬಾಯ್ಲರಿನ ಗ್ಯಾರಂಟಿ ವಿವರ ಓದುವ ದನಿಯಲ್ಲಿ ಹೇಳಿದ. ಇನ್ನೂ ಇತ್ತು, ಅದನ್ನೂ ಹೇಳಿದ: ಎರಡು ಸಲ ಬಂದದ್ದು, ಈಗ ವರ್ಷಕ್ಕೊಮ್ಮೆ ಹೃದಯ ನೋಡಿಸುವುದು, ಮಕ್ಕಳಾಗುವುದು ಅನುಮಾನ ಎಂದು ವೈದ್ಯರು ಹೇಳಿದ್ದು. ಹೇಳುತ್ತ ಹೇಳುತ್ತ ಕಾದ, ಏನಾದರೂ ಬರುತ್ತದೇನೋ ಎಂದು. ನಾಚಿಕೆ, ದುಃಖ, ಹಗುರಾಗುವುದು. ಯಾವುದೂ ಬರಲಿಲ್ಲ. ಮಾಂಸ ಕಪ್ಪಾಗುತ್ತಿತ್ತು. ಅವನು ಕೈಯಿಂದಲೇ ಒಂದು ತುಂಡನ್ನು ಒಲೆಯ ಅಂಚಿಗೆ ಸರಿಸಿದ.

"ಕೈ ತೆಗಿ," ಹೇರಿಮ್ ಅವನ ಮಣಿಕಟ್ಟು ಹಿಡಿದು ಎಳೆದಳು. ಬೆರಳು ಕೆಂಪಾಗಿತ್ತು. ಅವಳು ತಣ್ಣನೆಯ ನೀರಿನ ಲೋಟಕ್ಕೆ ಅದನ್ನು ಅದ್ದಿ ಹಾಗೇ ಹಿಡಿದುಕೊಂಡಳು.

"ನಿನಗೆ ಗೊತ್ತಿತ್ತು," ಸುಬೇದಾರರು ಮಗಳಿಗೆ ಹೇಳಿದರು.

"ಗೊತ್ತಿತ್ತಪ್ಪ."

"ಮಕ್ಕಳ ವಿಷಯವೂ?"

"ಅದೂ."

ಅವರು ಒಲೆ ಆರಿಸಿದರು. ಸುಟ್ಟ ತುಂಡುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು. ಹೋಟೆಲಿನವಳು ಹೊಸ ಜಾಲರಿ ತಂದಾಗ ಬೇಡವೆಂದು ಕೈಯಲ್ಲಾಡಿಸಿದರು.

"ಟ್ಯಾಂಕಿನ ವಿಷಯ ಬಾಗಿಲಲ್ಲೇ ಗೊತ್ತಾಯ್ತು ನನಗೆ," ಎಂದರು ದೋಗಿಲನಿಗೆ. "ಹಸಿರು ಅಂತೆ."

"ತಪ್ಪಾಯ್ತು ಸಾರ್."

"ನಾನೂ ಒಬ್ಬರ ಮನೆಗೆ ಸುದ್ದಿ ತಗೊಂಡು ಹೋಗಿದ್ದೆ, ಹುಡುಗ ಹೋದ ಅಂತ. ಅವರಮ್ಮ ಬಾಗಿಲಲ್ಲೇ ನನ್ನ ಶೂ ಒರೆಸೋಕೆ ಶುರು ಮಾಡಿದ್ರು. ಮಳೆ ಬಂದಿತ್ತು ನೋಡು, ಕೆಸರು." ಅವರು ಅಷ್ಟಕ್ಕೇ ನಿಲ್ಲಿಸಿದರು. ನೂರು ಜನರನ್ನು ನಡುಗಿಸುತ್ತಿದ್ದ ಆ ದನಿ ಹತ್ತಿರದವರಿಗೂ ಕಷ್ಟದಿಂದ ಕೇಳಿಸುವಷ್ಟಿತ್ತು. ದೋಗಿಲ ಮುಂದಕ್ಕೆ ಬಾಗಿ ಕೇಳಿಸಿಕೊಂಡ.

ಆಮೇಲೆ ಜೇವಾನನಿಗೆ ಹೇಳಿದರು: "ಕಾಯಿಲೆ ಬಗ್ಗೆ ನನಗೇನೂ ಗೊತ್ತಿಲ್ಲ. ಅದು ನಿಮ್ಮಿಬ್ಬರ ಹಣೆಬರಹ. ಆದ್ರೆ ಒಂದು ವರ್ಷ ನನ್ನ ಮನೆ ಊಟ ಮಾಡಿ ನನಗೆ ಹಿಮ ತಿನ್ನಿಸಿದೆ. ನಿನ್ನ ಬಾಯಿಂದ ಬರೋದು ಯಾವುದನ್ನೂ ಇನ್ನು ನಾನು ನಂಬಲ್ಲ."

"ಸರಿ ಮಾವ."

"ಮಾವ ಅನ್ನಬೇಡ ಈಗಲೇ." ಅವರು ಎದ್ದು ನಿಂತರು. "ಮುಂದಿನ ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಎರಡು ಮನೆಯವರ ಊಟ ಅಂತ ಏನು ಮಾಡ್ತಾರೋ ಅದು. ಆ ಮಂಚದ ಮೇಲೆ ಮಲಗಿದವರು ಹೇಳಲಿ, ನಾನು ಕೇಳ್ತೀನಿ. ನೀನು ಮಾತಾಡಬೇಡ, ತಿನ್ನು." ಬಾಗಿಲವರೆಗೆ ಹೋಗಿ ತಿರುಗಿದರು. "ಇವನನ್ನೂ ಕರ್ಕೊಂಡು ಬಾ. ನಿನ್ನ ಸೀನಿಯರ್‌ನ."

ಹೇರಿಮ್ ಅಪ್ಪನ ಹಿಂದೆ ಹೋದಳು. ಹೋಗುವ ಮುಂಚೆ ಜೇವಾನನ ಬೆರಳನ್ನು ಲೋಟದಿಂದ ತೆಗೆದು ನೋಡಿ, ಮತ್ತೆ ಲೋಟದೊಳಕ್ಕೇ ಇಟ್ಟಳು.

ಬಸ್ ನಿಲ್ದಾಣದಲ್ಲಿ ಗೆಳೆಯರಿಬ್ಬರೂ ಕೂತರು. ಬಂದರಿನ ಕಡೆಯಿಂದ ಕಬ್ಬಿಣದ ವಾಸನೆ ಬರುತ್ತಿತ್ತು.

"ಕೆಡಿಸಿಬಿಟ್ಟೆ ಕಣೋ," ದೋಗಿಲ ಹೇಳಿದ.

"ಇಲ್ಲ ಅಣ್ಣ."

"ಏನಾದ್ರೂ ಅನ್ನಿಸ್ತಿದೆಯಾ?"

ಜೇವಾನ ಯೋಚಿಸಿದ. "ಇಲ್ಲ."

"ನನಗೂ ಇಲ್ಲ. ಹಸಿವಾಗಿದೆ ಅಷ್ಟೇ. ಒಂದು ತುಂಡೂ ತಿನ್ನಲಿಲ್ಲ ನಾನು, ಟ್ಯಾಂಕಿನ ಗಲಾಟೆಯಲ್ಲಿ."

ಜೇವಾನ ಅಮ್ಮನಿಗೆ ಫೋನ್ ಮಾಡಿದ. ಅವಳು ಎತ್ತಿದವಳೇ, ಊಟ ಆಯ್ತಾ ಎಂದಳು. ಆಗಲಿಲ್ಲ ಎಂದ. ಮುಂದಿನ ಭಾನುವಾರ ಹೇರಿಮ್ ಮನೆಯವರ ಜೊತೆ ಊಟ ಎಂದ. ಹಿಂದೆ ಎಲ್ಲೋ ಅವಳ ನಲ್ಲಿಯಿಂದ ನೀರು ಬೀಳುತ್ತಿತ್ತು; ಅವಳು ಅದನ್ನು ನಿಲ್ಲಿಸಿದಳು.

"ನಾನೇನ್ ಹೇಳಬೇಕಪ್ಪಾ ಅಲ್ಲಿ?" ಎಂದಳು. "ಮೊದಲೇ ಹೇಳಿಕೊಡು, ನನಗೆ ಬರಲ್ಲ ಅದೆಲ್ಲ."

"ಏನೂ ಇಲ್ಲಮ್ಮ. ವಾರ್ಡಿನಲ್ಲಿ ನೀನು ಎಲ್ಲಿ ಮಲಗ್ತಿದ್ದೆ ಅಂತ ಕೇಳ್ತಾರೆ. ಅದನ್ನ ಹೇಳು."

"ಅಷ್ಟೇನಾ?"

"ಅಷ್ಟೇ."

"ನಿದ್ದೆ ಬರ್ತಿರಲಿಲ್ಲ ಅಲ್ಲಿ," ಅಮ್ಮ ಹೇಳಿದಳು, ನಿನ್ನೆ ಮೊನ್ನೆಯ ಮಾತಿನ ಹಾಗೆ. ಆಮೇಲೆ, ಖಾಲಿ ಕೈಯಲ್ಲಿ ಹೋಗೋದು ಹೇಗೆ, ಉಪ್ಪಿಗೆ ಹಾಕಿದ ಏಡಿ ಅವರಿಗೆ ಆಗುತ್ತೋ ಇಲ್ಲವೋ ಕೇಳು, ಎಂದಳು. ಕೇಳುತ್ತೇನೆ ಎಂದ ಜೇವಾನ. ಬಸ್ಸು ಬಂತು. ದೋಗಿಲ ಮೊದಲು ಹತ್ತಿ, ಇಬ್ಬರ ಬಸ್ ಕಾರ್ಡನ್ನೂ ತಾನೇ ಯಂತ್ರಕ್ಕೆ ಒತ್ತಿ, ಕಿಟಕಿಯ ಪಕ್ಕದ ಸೀಟನ್ನು ಜೇವಾನನಿಗೆ ಬಿಟ್ಟು ಕೂತ.